ಓದಿದ್ದು ಅರ್ಥವಾಯಿತೇ?

ಪ್ರೀತಿಯ ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನನ್ನದೊಂದು ಅಭಿಪ್ರಾಯ ಬರೆಯುತ್ತಿದ್ದೇನೆ. ನಾವೆಲ್ಲ ದಿನಾ ಓದುತ್ತೇವೆ. ಆದರೆ ಓದಿದ್ದು ನಮಗೆ ಅರ್ಥವಾಗುತ್ತದೆಯೇ? ಬಹಳ ಸಲ ಆಗುವುದಿಲ್ಲ ಅಂತ ನನಗನ್ನಿಸುತ್ತೆ. ಪಾಠ ಓದುವುದಕ್ಕೆ ಮೊದಲೇ ಗೈಡ್ ತೆಗೆಯುವುದೇ ಇದಕ್ಕೆ ಕಾರಣ.

ಬೇರೆಯವರನ್ನು ಯಾಕೆ ಹೇಳಲಿ, ನನ್ನ ಕಥೆಯನ್ನೇ ಕೇಳಿ. ಒಂದು ದಿನ ನಮ್ಮ ಮನೆಗೆ ಸಾಲದ ವಿಷಯವಾಗಿ ಒಂದು ನೋಟೀಸು ಬಂತು. ನಮ್ಮ ಅಜ್ಜಿಗೆ ಓದಲು ಬರುವುದಿಲ್ಲ. "ಓದು ಮಗಾ" ಅಂದರು. ನಾನು ಒಂದು ಕಡೆಯೂ ತಡವರಿಸದೆ ಗಟ್ಟಿಯಾಗಿ ಓದಿದೆ. ಅಜ್ಜಿ, "ಸರಿ, ಎಷ್ಟು ದಿನದೊಳಗೆ ಕಟ್ಬೇಕಂತೆ?" ಅಂತ ಕೇಳಿದರು. ನನಗೆ ಗೊತ್ತಾಗಲಿಲ್ಲ! ಆಗ ತಾನೇ ನನ್ನ ಬಾಯಿಂದಲೇ ಓದಿದ್ದೆ. ಮತ್ತೆ ಎರಡು ಸಲ ಓದಿದ ಮೇಲೆ ನೋಟೀಸು ತಲುಪಿದ ಹದಿನೈದು ದಿನದೊಳಗೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಅಜ್ಜಿ ಪಕ್ಕದ ಮನೆಯವರನ್ನು ಕೂಗುತ್ತಿದ್ದರು. ನನಗೆ ಬಹಳ ಅವಮಾನವಾಯಿತು. ಏಳನೇ ಕ್ಲಾಸು ಓದುವ ಮಗ ಮನೆಯಲ್ಲಿದ್ದೂ ಪಕ್ಕದ ಮನೆಯವರನ್ನು ಕರೆಯಬೇಕಾಯಿತಲ್ಲ ಅಂತ.

ಅವತ್ತು ರಾತ್ರಿ ಯೋಚನೆ ಮಾಡಿದೆ. ಶಾಲೆಯಲ್ಲೂ ನಾನು ಮಾಡುವುದು ಇದೇ ಅಲ್ಲವೇ? ಮೇಷ್ಟ್ರು ನಿಂತು ಓದು ಅಂದರೆ ಓದುತ್ತೇನೆ. ಪ್ರಶ್ನೆಗೆ ಉತ್ತರ ಬರೆಯಿರಿ ಅಂದರೆ ಗೈಡ್ ನೋಡಿ ಬರೆಯುತ್ತೇನೆ. ಪರೀಕ್ಷೆಗೆ ಅದನ್ನೇ ಬಾಯಿಪಾಠ ಮಾಡುತ್ತೇನೆ. ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ಮರೆತುಹೋಗುತ್ತದೆ. ಅಪಠಿತ ಗದ್ಯ ಬಂದರಂತೂ ಕೈಕಾಲು ನಡುಗುತ್ತದೆ, ಯಾಕೆಂದರೆ ಅದು ಗೈಡಿನಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಗೋವಿನ ಹಾಡು ನಮಗೆಲ್ಲ ಗೊತ್ತು. ಪುಣ್ಯಕೋಟಿ ಎಂಬ ಹಸು ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಹುಲಿಗೆ ಮಾತು ಕೊಟ್ಟು ಹೋಗುತ್ತದೆ. ಹೇಳಿದಂತೆ ವಾಪಸು ಬರುತ್ತದೆ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. "ಹುಲಿ ಏಕೆ ಪ್ರಾಣ ಬಿಟ್ಟಿತು?" ಅಂತ ಪ್ರಶ್ನೆ ಕೊಟ್ಟಾಗ ನಾವೆಲ್ಲ ಒಂದೇ ಉತ್ತರ ಬರೆದಿದ್ದೆವು: ಹುಲಿ ಹಸುವಿನ ಸತ್ಯಕ್ಕೆ ಮೆಚ್ಚಿ ಪ್ರಾಣ ಬಿಟ್ಟಿತು. ಎಲ್ಲರಿಗೂ ರೈಟು ಬಿತ್ತು.

ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿಗೆ ಆ ಹಾಡು ಬಾಯಲ್ಲೇ ಬರುತ್ತದೆ. ಅವರು ನಕ್ಕು, "ಅಲ್ಲ ಕಣಪ್ಪಾ, ಮೆಚ್ಚಿದ್ರೆ ಯಾರಾದ್ರೂ ಸಾಯ್ತಾರಾ? ಮೆಚ್ಚಿದ್ರೆ ಬಿಟ್ಟು ಕಳಿಸ್ಬೇಕು ತಾನೇ" ಅಂದರು. ಹೌದಲ್ಲ! ನಾನು ಪುಸ್ತಕ ತೆಗೆದು ಆ ಭಾಗವನ್ನು ನಿಧಾನವಾಗಿ ಓದಿದೆ. ಹಸುವಿನ ಮಾತು ಕೇಳಿ ಹುಲಿ ಕಣ್ಣೀರು ಸುರಿಸುತ್ತದೆ, ನೊಂದುಕೊಳ್ಳುತ್ತದೆ. ಹಸುವನ್ನು ಅಕ್ಕ ಎಂದು ಭಾವಿಸುತ್ತದೆ. ಇವಳನ್ನು ತಿಂದರೆ ದೇವರು ಮೆಚ್ಚುವುದಿಲ್ಲ ಎನ್ನುತ್ತದೆ. ಅಂದರೆ ಅಲ್ಲಿ 'ಮೆಚ್ಚುವ' ಮಾತು ಬಂದಿರುವುದು ದೇವರ ವಿಷಯದಲ್ಲಿ. ಹುಲಿಯ ವಿಷಯದಲ್ಲಿ ಇರುವುದು ನೋವು. ಹುಲಿ ಸತ್ತಿದ್ದು ಪಶ್ಚಾತ್ತಾಪದಿಂದ ಅಂತ ನನಗೆ ಅನ್ನಿಸಿತು.

ಮಾರನೇ ದಿನ ನನ್ನ ಪಕ್ಕ ಕೂರುವ ಗೆಳೆಯನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಹುಲಿ ಬಹಳ ದಿನದಿಂದ ಹಸಿದಿತ್ತು ಕಣೋ. ಅದಕ್ಕೆ ಹಸಿವು ಇತ್ತು, ತಿನ್ನೋಕೆ ಮನಸ್ಸು ಬರಲಿಲ್ಲ. ಇನ್ನೇನು ಮಾಡುತ್ತೆ?" ಅಂದ. ನಾನು ಎಲ್ಲಿದೆ ತೋರಿಸು ಅಂದೆ. ಹುಲಿ ಹಸಿದಿದ್ದ ಸಾಲಿನ ಮೇಲೆ ಅವನು ಬೆರಳಿಟ್ಟ. ನಾನು ಕಣ್ಣೀರಿನ ಸಾಲಿನ ಮೇಲೆ ಬೆರಳಿಟ್ಟೆ. ಬೆಲ್ಲು ಹೊಡೆಯುವವರೆಗೂ ನಮ್ಮ ಜಗಳ ಮುಗಿಯಲಿಲ್ಲ. ಆದರೆ ಆ ಹಾಡು ಈಗ ನಮ್ಮಿಬ್ಬರಿಗೂ ಮರೆಯುವುದಿಲ್ಲ. ಯಾವ ಬಾಯಿಪಾಠವೂ ಮಾಡಲಿಲ್ಲ.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಒಂದು ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು. ಆದರೆ ಬಾಯಿಗೆ ಬಂದದ್ದೆಲ್ಲ ಉತ್ತರವಾಗುವುದಿಲ್ಲ. ಯಾವ ಸಾಲಿನಿಂದ ಹೇಳುತ್ತಿದ್ದೀಯಾ ಅಂದರೆ ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಅದು ನಮ್ಮ ಉತ್ತರ.

ಓದಿ ಅರ್ಥ ಹೇಳುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಗಮಕದಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಪದ್ಯ ಪದ್ಯಕ್ಕೂ ನಿಲ್ಲಿಸಿ ಅರ್ಥ ಹೇಳುತ್ತಾರೆ. ಶಿವಮೊಗ್ಗ ಹತ್ತಿರದ ಹೊಸಹಳ್ಳಿ ಇದಕ್ಕೇ ಹೆಸರಾದ ಊರು. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ, ಕನ್ನಡ ನಾಡಿನ ಜನ ಓದದಿದ್ದರೂ ಕಾವ್ಯದಲ್ಲಿ ಜಾಣರು ಎಂದು ಹೇಳಿದೆಯಂತೆ. ಅದನ್ನು ಮೇಷ್ಟ್ರು ಹೇಳಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅವರು ಓದಿಲ್ಲ, ಆದರೆ ಅವರಿಗೆ ತಿಳಿಯುತ್ತದೆ. ನಾವು ಓದಿದ್ದೇವೆ, ಆದರೆ ತಿಳಿಯುವುದಿಲ್ಲ. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಗೆಳೆಯರೇ, ನಾವು ಹೀಗೆ ಮಾಡಬಹುದು. ಮೊದಲು ಪಾಠವನ್ನು ಎರಡು ಸಲ ಓದೋಣ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಹಿಂದು ಮುಂದಿನ ಸಾಲು ನೋಡಿ ಅರ್ಥ ಊಹಿಸೋಣ. ಆಮೇಲೆ ಪದಕೋಶ ನೋಡೋಣ. ಇಲ್ಲಿ ಯಾರು ಇದ್ದಾರೆ, ಏನು ಮಾಡಿದರು, ಯಾಕೆ ಮಾಡಿದರು ಅಂತ ನಮ್ಮನ್ನೇ ಕೇಳಿಕೊಳ್ಳೋಣ. ಕೊನೆಗೆ ಪುಸ್ತಕ ಮುಚ್ಚಿ, ನಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯೋಣ. ಗೈಡ್ ಸುಟ್ಟುಹಾಕಿ ಅಂತ ನಾನು ಹೇಳುವುದಿಲ್ಲ. ನಮ್ಮ ಉತ್ತರ ಬರೆದ ಮೇಲೆ ಬೇಕಾದರೆ ನೋಡೋಣ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಸ್ವಂತ ವಾಕ್ಯದಲ್ಲಿ ಕಾಗುಣಿತ ತಪ್ಪು ಬರುತ್ತದೆ. ಗೈಡಿನ ಉತ್ತರದಲ್ಲಿ ತಪ್ಪು ಇರುವುದಿಲ್ಲ. ಹೆಚ್ಚು ಮಾರ್ಕ್ಸ್ ಅದಕ್ಕೇ ಸಿಕ್ಕರೆ ನಾವು ಮತ್ತೆ ಗೈಡಿಗೇ ಹೋಗುತ್ತೇವೆ. ದಯವಿಟ್ಟು ಸ್ವಂತ ಉತ್ತರಕ್ಕೂ ಮಾರ್ಕ್ಸ್ ಕೊಡಿ, ತಪ್ಪನ್ನು ತಿದ್ದಿ. ಶನಿವಾರ ಒಂದು ಪೀರಿಯಡ್ಡು ಗಮಕದವರ ಹಾಗೆ ಒಬ್ಬರು ಓದಿ ಒಬ್ಬರು ಅರ್ಥ ಹೇಳುವುದಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು.

ಮುಂದಿನ ನೋಟೀಸು ಬಂದಾಗ ಅಜ್ಜಿ ಪಕ್ಕದ ಮನೆಯವರನ್ನು ಕೂಗಬಾರದು. ಅಷ್ಟೇ ನನ್ನ ಆಸೆ.

ನನ್ನ ಬರಹದಲ್ಲಿ ತಪ್ಪಿದ್ದರೆ ಕ್ಷಮಿಸಿ. ಹುಲಿ ಯಾಕೆ ಸತ್ತಿತು ಅನ್ನುವುದಕ್ಕೆ ನಿಮ್ಮ ಉತ್ತರ ಬೇರೆ ಇದ್ದರೆ ಒಂದು ಚೀಟಿಯಲ್ಲಿ ಬರೆದು ಇದರ ಕೆಳಗೆ ಅಂಟಿಸಿ. ಸಾಲು ಯಾವುದು ಅಂತಲೂ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ