ಆಪರೇಷನ್‌ಗೆ ಮುಂಚಿನ ವರ್ಷಗಳು

1930ರ ಜೂನ್ 11ರಂದು ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂಬ ಹೆಗ್ಗಳಿಕೆ ಅದಕ್ಕಿದೆ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಆಗ ಆ ಸಂಸ್ಥಾನದ ಮೈಸೂರು ಜಿಲ್ಲೆಗೇ ಸೇರಿದ್ದವು.

ಅಲ್ಲಿಂದ ಇಲ್ಲಿಗೆ ಬಂದು ನೋಡಿದರೆ ಉಳಿದಿರುವುದು ಬಹುಪಾಲು ಒಂದೇ ವಿಧಾನ: ಸಂತಾನಹರಣ ಆಪರೇಷನ್. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57.4ರಷ್ಟು ಮಂದಿ ಅದನ್ನು ಮಾಡಿಸಿಕೊಂಡವರು. ಗಂಡಸರ ಪಾಲು ಸೊನ್ನೆಗೆ ಸಮ. ಮದುವೆ, ಎರಡು ಮಕ್ಕಳು, ಆಮೇಲೆ ಆಪರೇಷನ್. ಅದಕ್ಕೆ ಮುಂಚಿನ ವರ್ಷಗಳಿಗೆ ಯಾರೂ ದಿಕ್ಕಿಲ್ಲ.

ಕಾಲೇಜು ಮಕ್ಕಳಿರುವುದು ಆ ವರ್ಷಗಳಲ್ಲೇ. ಗರ್ಭ ತಡೆಯುವ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟಿಯಾಗಿ ಸಿಗುತ್ತಿವೆ, ನಿಜ. ಆದರೆ ಆಶಾ ಕಾರ್ಯಕರ್ತೆಯ ಕೈಯಲ್ಲಿರುವುದು ‘ಅರ್ಹ ದಂಪತಿ’ಗಳ ವಹಿ; ಮಳವಳ್ಳಿಯಿಂದ ಮಂಡ್ಯಕ್ಕೆ ಓದಲು ಬರುವ ಹುಡುಗಿಯ ಹೆಸರು ಅದರಲ್ಲಿ ಬರುವುದಿಲ್ಲ. ಹದಿಹರೆಯದವರ ಆರೋಗ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ. ಅಂತಿಮ ವರ್ಷದ ಪದವಿಗೆ ಬರುವಷ್ಟರಲ್ಲಿ ಆ ಬಾಗಿಲೂ ಮುಚ್ಚಿರುತ್ತದೆ. ಶಾಲೆಯಲ್ಲಿ ಹೇಳಿಕೊಡುವ ಮಾತು ಎದ್ದಾಗ, 2007ರಲ್ಲಿ, ನಮ್ಮ ರಾಜ್ಯ ಸರ್ಕಾರವೇ ಲೈಂಗಿಕ ಶಿಕ್ಷಣ ಬೇಡವೆಂದಿತು.

ಹಾಗಾಗಿ ಮೆಡಿಕಲ್ ಸ್ಟೋರೇ ಪಾಠಶಾಲೆ. ಮದ್ದೂರಿನಂಥ ಊರಲ್ಲಿ ಅಂಗಡಿಯವನಿಗೆ ಗಿರಾಕಿಯ ಅಪ್ಪನ ಗುರುತೂ ಇರುತ್ತದೆ. ಊರು ದಾಟಿ ಕೊಳ್ಳುವುದೇ ವಾಸಿ ಅನ್ನಿಸಿದರೆ ತಪ್ಪೇನು? ಟಿ.ವಿ. ಜಾಹೀರಾತಿನಿಂದ ಪರಿಚಯವಾದದ್ದು ತುರ್ತು ಗರ್ಭನಿರೋಧಕ ಮಾತ್ರೆ. ಸಂಪರ್ಕದ ನಂತರ 72 ಗಂಟೆಯೊಳಗೆ ನುಂಗಬೇಕೆಂಬುದು ಅನೇಕರಿಗೆ ಗೊತ್ತು. ಬೇಗ ನುಂಗಿದಷ್ಟೂ ಫಲ ಹೆಚ್ಚು, ನುಂಗಿದ ಮೇಲಿನ ಸಂಪರ್ಕಕ್ಕೆ ಅದರ ರಕ್ಷಣೆಯಿಲ್ಲ, ಕಟ್ಟಿದ ಗರ್ಭವನ್ನು ಅದು ತೆಗೆಯುವುದಿಲ್ಲ, ಸೋಂಕನ್ನು ತಡೆಯುವುದಿಲ್ಲ: ಇಷ್ಟನ್ನು ಜಾಹೀರಾತು ಕೂರಿಸಿ ಹೇಳುವುದಿಲ್ಲ.

ಕಾನೂನು ನಮಗಿಂತ ಮುಂದೆ ನಡೆದಿದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ‘ಗಂಡ’ನ ಜಾಗದಲ್ಲಿ ‘ಸಂಗಾತಿ’ಯನ್ನು ತಂದಿತು, 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತೆಗೂ ಗರ್ಭಪಾತದ ಸಮಾನ ಹಕ್ಕಿದೆ ಎಂದಿತು. ಮರುವರ್ಷವೇ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹೆಣ್ಣೆಂದು ತಿಳಿದು ತೆಗೆಸುವುದು ಅಪರಾಧ; ಬೇಡದ ಬಸಿರಿಗೆ ಕಾನೂನಿನ ಮಿತಿಯಲ್ಲಿ ವೈದ್ಯರ ಬಳಿ ಹೋಗುವುದು ಹಕ್ಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಪೆಟ್ಟು ಬೀಳುವುದು ಹುಡುಗಿಯರಿಗೇ.

ಮಂಡ್ಯದಲ್ಲಿ ಪದವಿ ಕಾಲೇಜುಗಳೂ ಇವೆ, ವೈದ್ಯಕೀಯ ಕಾಲೇಜೂ ಇದೆ. ಎನ್ಎಸ್ಎಸ್ ರಕ್ತದಾನ ಶಿಬಿರಕ್ಕೆ ಬರುವ ವೈದ್ಯರು ಇನ್ನೊಂದು ಗಂಟೆ ಉಳಿದು ಈ ವಿಷಯ ಮಾತಾಡಲಿ. ಕೇಳುವವರ ಸಾಲಿನಲ್ಲಿ ಹುಡುಗರೂ ಕೂರಲಿ. ಆ ಸೊನ್ನೆ ಅವರ ಲೆಕ್ಕದ್ದು.