ಬೆಲ್ಟ್ ಬದಲಿಸಲು ಒಂದು ಮೂಲೆ ಕೊಡಿ

ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ ಸಂಜೆ ಏಳರ ಹೊತ್ತಿಗೆ ಸ್ಕೂಟರ್ ತಳ್ಳಿಕೊಂಡು ಹೋಗುವವರ ಕಷ್ಟ ಪೆಟ್ರೋಲ್ ಅಥವಾ ಪಂಕ್ಚರ್ ಆಗಿದ್ದರೆ ದಾರಿಯಲ್ಲೇ ಪರಿಹಾರ ಸಿಗುತ್ತದೆ. ಎಂಜಿನ್ನಿನ ಬಲವನ್ನು ಹಿಂಚಕ್ರಕ್ಕೆ ಮುಟ್ಟಿಸುವ ಬೆಲ್ಟ್ ಕಡಿದಿದ್ದರೆ ಸಿಗುವುದಿಲ್ಲ. ಸ್ಟಾರ್ಟ್ ಒತ್ತಿದರೆ ಎಂಜಿನ್ ಎಂದಿನಂತೆ ಸದ್ದು ಮಾಡುತ್ತದೆ, ಆಕ್ಸಿಲರೇಟರ್ ತಿರುವಿದರೆ ಗುಡುಗುತ್ತದೆ, ಹಿಂಚಕ್ರ ಮಾತ್ರ ಅಲ್ಲಾಡುವುದಿಲ್ಲ. ಹಿಂದಿನಿಂದ ಬೆಸ್ಟ್ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ.

ಆ ಬೆಲ್ಟ್ ಯಾವ ಸೂಚನೆಯನ್ನೂ ಕೊಡದೆ ಕಡಿಯುವುದು ಅಪರೂಪ. ಸಿಗ್ನಲ್ ಬಿಟ್ಟಾಗ ಗಾಡಿ ನಡುಗುತ್ತಾ ಹೊರಡುತ್ತದೆ, ಎಂಜಿನ್ ಕೂಗಿದಷ್ಟು ವೇಗ ಬರುವುದಿಲ್ಲ, ಫ್ಲೈಓವರ್ ಏರುವಾಗ ಎಳೆಯುವುದಿಲ್ಲ. ‘ಪಿಕಪ್ ಹೋಗಿದೆ’ ಎಂದು ಎಲ್ಲರೂ ಹೇಳುತ್ತಾರೆ, ಮುಂದಿನ ಸರ್ವಿಸ್‌ಗೆ ನೋಡಿಸೋಣ ಎಂದು ಓಡಿಸುತ್ತಲೇ ಇರುತ್ತಾರೆ. ಎಡಬದಿಯ ಕವರ್ ಒಮ್ಮೆ ಬಿಚ್ಚಿ ನೋಡಿದ್ದರೆ ಬೆಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು, ಬೆಲ್ಟ್ ಡಬ್ಬಿಯ ತಳದಲ್ಲಿ ಕರಿ ಪುಡಿ ಕಾಣುತ್ತಿತ್ತು. ಬಿಚ್ಚಲು ಜಾಗ ಎಲ್ಲಿದೆ? ಮುಂಬಯಿಯ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ.

ಬೆಲ್ಟ್ ಎಂದರೆ ಎಲ್ಲೆಡೆ ಒಂದೇ ಅಲ್ಲ. ವಿದೇಶದ ಮೋಟಾರ್‌ಸೈಕಲ್ ಪ್ರಿಯರು ಮನೆಯ ಗ್ಯಾರೇಜಿನಲ್ಲಿ ಆಲ್ಟರ್ನೇಟರ್ ಬೆಲ್ಟ್ ಬದಲಿಸುವುದುಂಟು. 1993ರಲ್ಲಿ ಬಂದ ಬಿಎಂಡಬ್ಲ್ಯು ಆರ್1100ಆರ್‌ಎಸ್‌ನಂಥ ಗಾಡಿಗಳಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರನ್ನು ಎಂಜಿನ್ನಿನ ಮುಂದಿರುವ ಒಂದು ಬೆಲ್ಟ್ ತಿರುಗಿಸುತ್ತದೆ. ಮುಂಬಯಿಯ ಬೀದಿಯಲ್ಲಿ ಓಡುವ ಸ್ಪ್ಲೆಂಡರ್, ಪಲ್ಸರ್, ಬುಲೆಟ್‌ಗಳಲ್ಲಿ ಅಂಥ ಬೆಲ್ಟೇ ಇಲ್ಲ. ಕ್ರ್ಯಾಂಕ್‌ನ ತುದಿಯಲ್ಲಿ ಸುತ್ತುವ ಅಯಸ್ಕಾಂತವೇ ವಿದ್ಯುತ್ ಮಾಡಿಕೊಡುತ್ತದೆ. ಇಲ್ಲಿ ಬೆಲ್ಟ್ ಎಂದರೆ ಸ್ಕೂಟರಿನ ಬೆಲ್ಟ್. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರ್ ಹಾಕುವ ತೊಂದರೆ ತಪ್ಪಿಸಿದ್ದು ಅದೇ. 2001ರಲ್ಲಿ ಆಕ್ಟಿವಾ ಬಂದ ಮೇಲೆ ಅದು ಮನೆಮನೆಯ ವಸ್ತುವಾಯಿತು. ಏಥರ್ 450ರ ಹಿಂಚಕ್ರ ತಿರುಗುವುದೂ ಹಲ್ಲುಳ್ಳ ಬೆಲ್ಟಿನಿಂದಲೇ, ಆದ್ದರಿಂದ ಪೆಟ್ರೋಲ್ ಹೋದರೂ ಈ ಮಾತು ಹಳತಾಗುವುದಿಲ್ಲ.

ಈ ನಗರ ಬೆಲ್ಟನ್ನು ಬೇರೆ ಊರುಗಳಿಗಿಂತ ಹೆಚ್ಚು ಸವೆಸುತ್ತದೆ ಎನ್ನಲು ಕಾರಣವಿದೆ. 2009ರ ಬಾಂದ್ರಾ–ವರ್ಲಿ ಸೀ ಲಿಂಕ್, 2013ರ ಈಸ್ಟರ್ನ್ ಫ್ರೀವೇ, 2024ರಲ್ಲಿ ತೆರೆದ ಅಟಲ್ ಸೇತು ಮತ್ತು ಕೋಸ್ಟಲ್ ರೋಡ್ – ತಡೆಯಿಲ್ಲದೆ ಓಡುವ ಈ ಹಾದಿಗಳಲ್ಲಿ ಯಾವುದರಲ್ಲೂ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸ್ಕೂಟರಿನವರ ಪಾಲಿಗೆ ಉಳಿದದ್ದು ಸಾಯನ್, ಕುರ್ಲಾ, ಅಂಧೇರಿಯ ನಿಂತು ಹೊರಡುವ ರಸ್ತೆಗಳು. ಪ್ರತಿ ಸಲ ಹೊರಡುವಾಗಲೂ ಕ್ಲಚ್ ಬಿಸಿಯಾಗುತ್ತದೆ, ಬೆಲ್ಟ್ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಹಿಂದ್‌ಮಾತಾದಲ್ಲಿ ನಿಂತ ನೀರಿಗೆ ಇಳಿಸಿದ ಸ್ಕೂಟರಿನ ಬೆಲ್ಟ್ ಡಬ್ಬಿಗೆ ಗಾಳಿಯ ದಾರಿಯಿಂದಲೇ ನೀರು ನುಗ್ಗುತ್ತದೆ, ಬೆಲ್ಟ್ ಜಾರುತ್ತದೆ.

ಬದಲಿಸುವ ಕೆಲಸ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ, ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ಬಿಚ್ಚಿದ ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಡುತ್ತಾರೆ. ಉದ್ದ ಗಿಡ್ಡ ಅದಲುಬದಲಾಗುವುದಿಲ್ಲ. ಬೆಲ್ಟ್ ಸುತ್ತುವ ಎರಡು ಪುಲ್ಲಿಗಳಲ್ಲಿ ಮುಂದಿನ ಪುಲ್ಲಿಯ ನಟ್ ಬಿಚ್ಚಲು ಅದನ್ನು ಹಿಡಿದುಕೊಳ್ಳುವ ಹೋಲ್ಡರ್ ಬೇಕು. ಅದಿಲ್ಲದೆ ಪುಲ್ಲಿಯ ಫ್ಯಾನ್ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸಿದರೆ ರೆಕ್ಕೆ ಮುರಿಯುತ್ತದೆ. ಆ ಪುಲ್ಲಿಯ ಹೊರಗಿನ ತಟ್ಟೆ ತೆಗೆಯುವಾಗ ಒಳಭಾಗವನ್ನು ಎಳೆಯಬಾರದು, ರೋಲರುಗಳು ಸ್ಥಾನ ತಪ್ಪುತ್ತವೆ. ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ತಿರುಗುವ ದಿಕ್ಕಿಗಿರಬೇಕು. ಗ್ರೀಸ್ ಹತ್ತಿದ ಬೆರಳು ಬೆಲ್ಟನ್ನಾಗಲಿ ಪುಲ್ಲಿಯ ಮುಖವನ್ನಾಗಲಿ ಮುಟ್ಟಬಾರದು.

ಇಷ್ಟರಲ್ಲಿ ತಪ್ಪಾಗುವ ಜಾಗ ಒಂದೇ. ಹಿಂದಿನ ಪುಲ್ಲಿಯನ್ನು ಕೈಯಿಂದ ಅಗಲಿಸಿ ಬೆಲ್ಟನ್ನು ಅದರ ಆಳಕ್ಕೆ ಇಳಿಸಿದರೆ ಮುಂದಿನ ಕಡೆ ಅದು ಸಡಿಲಾಗುತ್ತದೆ. ಹಾಗೆ ಮಾಡದೆ ನಟ್ ಬಿಗಿದರೆ ಎರಡು ತಟ್ಟೆಗಳ ನಡುವೆ ಬೆಲ್ಟ್ ಕಚ್ಚಿಕೊಳ್ಳುತ್ತದೆ. ನಟ್ ಬಿಗಿಯಾದಂತೆ ಕಾಣುತ್ತದೆ, ಆಗಿರುವುದಿಲ್ಲ. ಓಡುತ್ತಾ ಓಡುತ್ತಾ ಅದು ಸಡಿಲಾಗಿ ಕ್ರ್ಯಾಂಕ್‌ನ ಹಲ್ಲುಗಳನ್ನೇ ತಿಂದುಹಾಕುತ್ತದೆ. ಕೆಲ ನೂರು ರೂಪಾಯಿಯ ಕೆಲಸ ಎಂಜಿನ್ ಬಿಚ್ಚುವಲ್ಲಿಗೆ ಬರುತ್ತದೆ. ಆದ್ದರಿಂದ ನಟ್ ಬಿಗಿಯುವಾಗ ಟಾರ್ಕ್ ವ್ರೆಂಚ್ ಇರಲಿ, ಕೈಪಿಡಿಯಲ್ಲಿ ಕೊಟ್ಟ ಅಳತೆ ಎದುರಿಗಿರಲಿ.

ಗಮನಿಸಬೇಕಾದ್ದು, ಈ ಇಡೀ ಕೆಲಸದಲ್ಲಿ ಒಂದು ಹನಿ ಎಣ್ಣೆ ನೆಲಕ್ಕೆ ಬೀಳುವುದಿಲ್ಲ. ಹಾಗಿದ್ದೂ ಕಾಂದಿವಲಿಯಿಂದ ಡೊಂಬಿವಲಿಯವರೆಗೆ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿ ಪಾನಾ ಹಿಡಿದು ಕುಳಿತರೆ ಸಾಕು, ವಾಚ್‌ಮನ್ ಬಂದು ಏಳಿಸುತ್ತಾನೆ. ಸಮಿತಿಯವರ ಅಂಜಿಕೆ ಸುಳ್ಳಲ್ಲ. ಪೇವರ್ ಬ್ಲಾಕಿನ ಮೇಲೆ ಬಿದ್ದ ಎಂಜಿನ್ ಆಯಿಲ್ ಹೋಗುವುದಿಲ್ಲ, ಬಳಸಿದ ಎಣ್ಣೆಯನ್ನು ಗಟಾರಕ್ಕೆ ಸುರಿಯುವವರೂ ಇದ್ದಾರೆ, ಅದು ಕೇಂದ್ರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಎಣ್ಣೆಯ ಕೆಲಸ ಗ್ಯಾರೇಜಿನಲ್ಲೇ ನಡೆಯಲಿ. ಒಣ ಕೆಲಸಕ್ಕೂ ಅದೇ ನಿಷೇಧ ಹೇರುವುದು ಸರಿಯಲ್ಲ. ಇಲ್ಲಿ ‘ಮನೆಯಲ್ಲಿ ರಿಪೇರಿ’ ಎಂದರೆ ಕಂಪೌಂಡಿನಲ್ಲಿ ರಿಪೇರಿ ಎಂದೇ ಅರ್ಥ. ಒಂದು ಕೋಣೆ, ಅಡುಗೆಮನೆಯ ಫ್ಲಾಟಿನಲ್ಲಿ ಇರುವವರಿಗೆ ಬೇರೆ ಜಾಗವಿಲ್ಲ.

ಜನರೇ ಬೆಲ್ಟ್ ಬದಲಿಸಿಕೊಂಡರೆ ಮೆಕ್ಯಾನಿಕ್‌ಗಳ ಹೊಟ್ಟೆಗೆ ಹೊಡೆತ ಬೀಳುತ್ತದೆಯೇ? ಕ್ಲಚ್, ಬೋರ್, ವೈರಿಂಗ್‌ಗೆ ಜನ ಅವರ ಬಳಿಗೇ ಹೋಗಬೇಕು, ಹೋಗುತ್ತಾರೆ ಕೂಡ. ಬೆಲ್ಟ್ ನೋಡಬಲ್ಲ ಗಿರಾಕಿ ಒಳ್ಳೆಯ ಮೆಕ್ಯಾನಿಕ್‌ನ ಕೆಲಸದ ಬೆಲೆ ಚೆನ್ನಾಗಿ ಅರಿಯುತ್ತಾನೆ. ವಾರಂಟಿ ಮುಗಿಯದ ಗಾಡಿಯನ್ನಂತೂ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಬೇಕು.

ಕಂಪನಿಗಳ ಮೇಲೂ ಹೊಣೆಯಿದೆ. ಅಸಲಿ ಬಿಡಿಭಾಗ ಮತ್ತು ದುರಸ್ತಿ ಸಲಕರಣೆಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದಿದ್ದಕ್ಕಾಗಿ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ವಿಷಯ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಗಾಡಿಯ ಜತೆ ಕೊಡುವ ಪುಸ್ತಕದಲ್ಲಿ ಬೆಲ್ಟ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಬರೆದರೆ ಸಾಲದು, ಹೇಗೆ ಬದಲಿಸಬೇಕೆಂದೂ ಬರೆಯಬೇಕು. ಹಿಂದಿಯ ಜತೆಗೆ ಮರಾಠಿ, ಕನ್ನಡಗಳಲ್ಲೂ ಬರೆಯಬೇಕು.

ಅಷ್ಟು ದೊಡ್ಡ ಮಾತಿಗೆ ಕಾಯದೆ ಒಂದು ಸೊಸೈಟಿ ಮಾಡಬಹುದಾದದ್ದು ಇದೆ. ನೀರಿನ ಟ್ಯಾಂಕಿನ ಪಕ್ಕದ ಒಂದು ಮೂಲೆ, ಭಾನುವಾರ ಬೆಳಿಗ್ಗೆ ಎಂಟರಿಂದ ಹನ್ನೊಂದು, ಕೆಳಗೆ ಹಾಸಲು ತಾಡಪಾಲು, ಬೀಗವಿರುವ ಪೆಟ್ಟಿಗೆಯಲ್ಲಿ ಎಲ್ಲರಿಗೂ ಸೇರಿದ ಸಾಕೆಟ್ ಸೆಟ್, ಪುಲ್ಲಿ ಹೋಲ್ಡರ್, ಟಾರ್ಕ್ ವ್ರೆಂಚ್. ವರ್ಷಕ್ಕೊಮ್ಮೆ ಬಳಸುವ ವ್ರೆಂಚನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ. ಮಹಾರಾಷ್ಟ್ರದ ಸಹಕಾರ ಕಾಯಿದೆಯಂತೆ ಪ್ರತಿ ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಲೀಕೇಜು, ಲಿಫ್ಟು, ಪಾರ್ಕಿಂಗ್ ಜಗಳಗಳ ಜತೆ ಈ ಮೂಲೆಯ ವಿಷಯವನ್ನೂ ಸಭೆಯ ಮುಂದಿಡಲು ಸದಸ್ಯನೊಬ್ಬ ಕಾರ್ಯದರ್ಶಿಗೆ ಒಂದು ಪುಟದ ಪತ್ರ ಕೊಟ್ಟರೆ ಸಾಕು.