ಪರದೇಶಿಗೂ ದಾರಿ ತೋರಬೇಕಾದ ಬಸ್ಸು

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಕಂಡ ದೃಶ್ಯವಿದು. ಬೆನ್ನಿಗೆ ಭಾರದ ಚೀಲ ಏರಿಸಿಕೊಂಡಿದ್ದ ವಿದೇಶಿ ದಂಪತಿ ಶ್ರವಣಬೆಳಗೊಳದ ಬಸ್ಸಿಗಾಗಿ ಕಾಯುತ್ತಿದ್ದರು. ಅವರೆದುರಿಗೇ ಬಸ್ಸೊಂದು ಬಂದು ನಿಂತಿತು. ನಿರ್ವಾಹಕರು ಬಾಗಿಲಲ್ಲಿ ನಿಂತು ‘ಬೆಳಗೊಳ, ಬೆಳಗೊಳ’ ಎಂದು ಕೂಗಿದರು. ಬಸ್ಸು ಹೊರಟೂ ಹೋಯಿತು. ದಂಪತಿ ಮಾತ್ರ ಕದಲಲಿಲ್ಲ. ಅವರ ಕೈಯಲ್ಲಿದ್ದ ಪುಸ್ತಕದಲ್ಲಿ ಊರಿನ ಹೆಸರು ‘ಶ್ರವಣ’ ಎಂದು ಆರಂಭವಾಗುತ್ತಿತ್ತು. ಆ ಊರನ್ನು ನಮ್ಮ ಸೀಮೆಯವರು ಬರೀ ‘ಬೆಳಗೊಳ’ ಎನ್ನುತ್ತಾರೆಂಬುದನ್ನು ಯಾವ ಪುಸ್ತಕ ತಾನೇ ತಿಳಿಸೀತು? ಕೊನೆಗೆ ಹೂ ಮಾರುತ್ತಿದ್ದ ಹೆಂಗಸೊಬ್ಬರು ಅವರ ಮುಖ ನೋಡಿಯೇ ವಿಷಯ ಗ್ರಹಿಸಿ, ಮುಂದಿನ ಬಸ್ಸು ಬಂದಾಗ ಕೈಹಿಡಿದು ಹತ್ತಿಸಿದರು. ಒಂದಕ್ಷರ ಇಂಗ್ಲಿಷ್ ಬಳಕೆಯಾಗದೆ ಕೆಲಸ ಮುಗಿದಿತ್ತು.

ಈ ದೃಶ್ಯ ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ. ಮಗಳ ಮನೆಗೆಂದು ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಒಂದು ತಿಂಗಳ ಕಾಲ ನಾನೂ ಅಂಥದೇ ಸ್ಥಿತಿಯಲ್ಲಿದ್ದೆ. ಅವಳು ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಬಸ್ಸು, ಟ್ರಾಮು, ರೈಲು ಹತ್ತಿ ತಿರುಗಿದೆ. ಅಲ್ಲಿನ ಜರ್ಮನ್ ನನಗೆ ಬಾರದು. ಒಮ್ಮೆ ಎದುರು ದಿಕ್ಕಿನ ಬಸ್ಸು ಹತ್ತಿ, ತಪ್ಪು ಅರಿವಾಗಿ ಯಾವುದೋ ಹಳ್ಳಿಯಲ್ಲಿ ಇಳಿದೆ. ಕೇಳೋಣವೆಂದರೆ ನರಪಿಳ್ಳೆಯೂ ಇಲ್ಲ. ಆದರೆ ಕಂಬಕ್ಕೆ ಅಂಟಿಸಿದ್ದ ಒಂದು ಹಾಳೆಯಲ್ಲಿ ಬಸ್ಸಿನ ಸಂಖ್ಯೆ, ಅದು ಹೋಗುವ ಊರುಗಳು, ಆ ನಿಲ್ದಾಣಕ್ಕೆ ಬರುವ ಗಂಟೆ-ನಿಮಿಷ, ಕೊನೆಯ ಬಸ್ಸಿನ ಹೊತ್ತು ಎಲ್ಲವೂ ಇದ್ದವು. ಅಂಕಿ ಓದಲು ಜರ್ಮನ್ ಬೇಕಾಗಲಿಲ್ಲ. ಮುಕ್ಕಾಲು ಗಂಟೆ ಕಾದೆ, ಬಸ್ಸು ಬಂತು.

ಶ್ರೀಮಂತ ದೇಶ, ಪುಟ್ಟ ದೇಶ, ಅಲ್ಲಿ ಇದೆಲ್ಲ ಸಾಧ್ಯ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ವ್ಯವಸ್ಥೆ ಹಣದಿಂದಷ್ಟೇ ಹುಟ್ಟಿದ್ದಲ್ಲ, ನಿರ್ಧಾರದಿಂದಲೂ ಹುಟ್ಟಿದ್ದು. 1982ರಲ್ಲಿ ಸ್ವಿಸ್ ರೈಲ್ವೆ ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಎಂಬ ವೇಳಾಪಟ್ಟಿಯನ್ನು ದೇಶಾದ್ಯಂತ ಜಾರಿಗೆ ತಂದಿತು. 1987ರಲ್ಲಿ ‘ರೈಲು 2000’ ಎಂಬ ಯೋಜನೆಯನ್ನು ಜನಮತ ಗಣನೆಗಿಟ್ಟು ಒಪ್ಪಿಗೆ ಪಡೆಯಲಾಯಿತು. ರೈಲನ್ನು ಎಷ್ಟು ವೇಗವಾಗಿ ಓಡಿಸಬಹುದು ಎಂಬುದಲ್ಲ, ಇಳಿದವನಿಗೆ ಮುಂದಿನ ವಾಹನ ಸಿಗಲು ಎಷ್ಟು ವೇಗ ಬೇಕು ಎಂಬುದೇ ಅದರ ಲೆಕ್ಕಾಚಾರ. ಹಳ್ಳಿಗಳಿಗೆ ಹೋಗುವ ಹಳದಿ ಅಂಚೆ ಬಸ್ಸುಗಳ ವೇಳೆಯೂ ರೈಲಿನ ವೇಳೆಗೆ ಹೊಂದಿಕೊಂಡಿದೆ.

ಹಾಗೆಂದು ನಮ್ಮದು ಬರಿಗೈ ಪರಂಪರೆಯಲ್ಲ. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಡನೆ ಆರಂಭಿಸಿದ ಸೇವೆ 1961ರಲ್ಲಿ ನಿಗಮದ ರೂಪ ತಾಳಿತು. ಲಾಭವಿಲ್ಲದ ಹಳ್ಳಿಗಳಿಗೂ ಬಸ್ಸು ಹೋಗಬೇಕೆಂಬ ಹೊಣೆಯನ್ನು ಅದು ದಶಕಗಳಿಂದ ಹೊತ್ತಿದೆ. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರು ಮಾಡಿದ ಉಚಿತ ಪ್ರಯಾಣಗಳ ಸಂಖ್ಯೆ 2025ರ ಜುಲೈ ವೇಳೆಗೆ 500 ಕೋಟಿ ಮುಟ್ಟಿತು. ಇದರ ಆರ್ಥಿಕ ಹೊರೆಯ ಬಗ್ಗೆ ವಾದಗಳಿವೆ, ಇರಲಿ. ಮನೆಯಿಂದಾಚೆ ಒಬ್ಬಳೇ ಹೊರಟ ಹೆಣ್ಣುಮಗಳ ಮುಂದಿದ್ದ ಒಂದು ಅಡ್ಡಿಯನ್ನು ಅದು ತೆಗೆದುಹಾಕಿದ್ದಂತೂ ನಿಜ. ಅದು ಹಣದ ಅಡ್ಡಿ. ಉಳಿದಿರುವುದು ಮಾಹಿತಿಯ ಅಡ್ಡಿ.

ಈ ಎರಡನೆಯ ಅಡ್ಡಿ ವಿದೇಶಿಯರದಷ್ಟೇ ಅಲ್ಲ ಎಂಬುದನ್ನು ಗಮನಿಸಬೇಕು. ಧರ್ಮಸ್ಥಳಕ್ಕೆ ಮೊದಲ ಬಾರಿ ಹೊರಟ ಓದುಬರಹ ಬಾರದ ಅಜ್ಜಿ, ಕಾಫಿ ತೋಟದ ಕೂಲಿಗೆಂದು ಅಸ್ಸಾಮಿನಿಂದ ಬಂದ ತರುಣ, ಕಿವಿ ಕೇಳಿಸದ ಹಿರಿಯರು, ಸಂಜೆ ಕಾಲೇಜು ಮುಗಿಸಿ ಹಳ್ಳಿಗೆ ಹಿಂತಿರುಗಬೇಕಾದ ಹುಡುಗಿ: ಇವರೆಲ್ಲರೂ ಬಸ್ಸನ್ನು ‘ವಿಚಾರಿಸಿಕೊಂಡೇ’ ಹತ್ತಬೇಕು. ವಿಚಾರಿಸುವ ಬಾಯಿ, ಭಾಷೆ, ಧೈರ್ಯ ಇಲ್ಲದವರಿಗೆ ಎದುರಿಗೇ ನಿಂತ ಬಸ್ಸೂ ದೂರವೇ. ಆ ಹುಡುಗಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಖಚಿತವಾಗಿ ತಿಳಿಯದಿದ್ದರೆ ಅವಳ ಓದೇ ನಿಂತೀತು.

ಚನ್ನರಾಯಪಟ್ಟಣ ಇಂಥ ಸುಧಾರಣೆಗೆ ಹೇಳಿ ಮಾಡಿಸಿದ ಊರು. ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿದೆ. ಮೈಸೂರು, ತಿಪಟೂರು, ಹೊಳೆನರಸೀಪುರಗಳ ಕಡೆಗೆ ಇಲ್ಲಿಂದ ದಾರಿ ಒಡೆಯುತ್ತದೆ. 2017ರಲ್ಲಿ ಬೆಂಗಳೂರು-ಹಾಸನ ನೇರ ರೈಲುಮಾರ್ಗ ತೆರೆದುಕೊಂಡ ಮೇಲೆ ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳೆರಡೂ ಅದರ ಮೇಲಿನ ನಿಲ್ದಾಣಗಳಾಗಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬರುವವರ ದಾರಿ ಹೀಗೆ ಸುಗಮವಾಗಿದೆ. ರೈಲು ಕೇಂದ್ರದ್ದು, ಬಸ್ಸು ರಾಜ್ಯದ್ದು ನಿಜ. ಆದರೆ ಪ್ರಯಾಣಿಕ ಒಬ್ಬನೇ. ರೈಲು ಇಳಿದವನಿಗೆ ಬಸ್ಸು ಸಿಗುವಂತೆ ಎರಡು ವೇಳಾಪಟ್ಟಿಗಳನ್ನು ಒಂದೇ ಮೇಜಿನ ಮೇಲೆ ಹರಡಿ ಕೂರುವುದಕ್ಕೆ ಸಂವಿಧಾನ ಅಡ್ಡಿಪಡಿಸುವುದಿಲ್ಲ.

ಬೇಕಾಗಿರುವುದು ದೊಡ್ಡ ಸಂಗತಿಗಳಲ್ಲ. ಬೆಂಗಳೂರಿನ ನಗರ ಬಸ್ಸುಗಳಿಗಿರುವಂತೆ ಗ್ರಾಮಾಂತರ ಮಾರ್ಗಗಳಿಗೂ ಎದ್ದುಕಾಣುವ ಸಂಖ್ಯೆ. ಪ್ರತಿ ನಿಲ್ದಾಣದಲ್ಲೂ ಮೊದಲ ಮತ್ತು ಕೊನೆಯ ಬಸ್ಸಿನ ಹೊತ್ತು. ಯಾವ ಊರ ಮೇಲೆ ಹೋಗುತ್ತದೆಂಬ ವಿವರ. ಕನ್ನಡ ಫಲಕವನ್ನು ಕಿತ್ತುಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದು ಮೇಲೆಯೇ ಇರಲಿ, ಪಕ್ಕದಲ್ಲಿ ಅಂಕಿ ಇರಲಿ. ಅಂಕಿಗೆ ಭಾಷೆಯ ಜಗಳವಿಲ್ಲ. ಬಸ್ಸು ತಡವಾಗುತ್ತದೆ, ವೇಳಾಪಟ್ಟಿ ಹಾಕಿ ಪ್ರಯೋಜನವೇನು ಎಂಬ ಆಕ್ಷೇಪ ಬರಬಹುದು. ತಡವಾಗಿದೆ ಎಂದು ತಿಳಿಯುವುದಕ್ಕೂ ಸರಿಯಾದ ವೇಳೆ ಗೊತ್ತಿರಬೇಕಲ್ಲವೇ?

ಒಂದು ಮಾತು. ಸ್ವಿಟ್ಜರ್ಲೆಂಡಿನ ಆ ಹಳ್ಳಿಯಲ್ಲಿ ಕಾದ ಮುಕ್ಕಾಲು ಗಂಟೆ ನನಗೆ ಬಹಳ ದೀರ್ಘವೆನಿಸಿತ್ತು. ದಾರಿ ತಿಳಿದಿತ್ತು, ಆದರೆ ಮಾತನಾಡಿಸುವವರಿರಲಿಲ್ಲ. ಅಲ್ಲಿನ ಬಸ್ಸಿನಲ್ಲಿ ನಿರ್ವಾಹಕರೇ ಇಲ್ಲ. ನಮ್ಮಲ್ಲಿ ‘ಇಲ್ಲೇ ಇಳೀರಿ ಅಮ್ಮಾ’ ಎಂದು ಕೂಗಿ ಹೇಳುವ ನಿರ್ವಾಹಕರಿದ್ದಾರೆ, ಹೂ ಮಾರುವ ತಾಯಿಯಿದ್ದಾರೆ. ಈ ಸಂಪತ್ತನ್ನು ಕಳೆದುಕೊಂಡು ಹಾಳೆ ಅಂಟಿಸುವುದು ಜಾಣತನವಲ್ಲ. ಆದರೆ ಹೂವಿನವರು ಪ್ರತಿದಿನ, ಪ್ರತಿ ಹೊತ್ತಿನಲ್ಲೂ ಅಲ್ಲಿರುವುದಿಲ್ಲ. ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ಅವರ ಕರುಣೆಯ ಮೇಲೆ ಹೊರಿಸುವುದು ನ್ಯಾಯವೂ ಅಲ್ಲ.

ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನೂ ಹೌದು, ದಿಕ್ಕಿಲ್ಲದವನೂ ಹೌದು. ಒಳ್ಳೆಯ ಸಾರಿಗೆ ವ್ಯವಸ್ಥೆಯ ಕೆಲಸ ಈ ಎರಡು ಅರ್ಥಗಳನ್ನು ಬೇರ್ಪಡಿಸುವುದು. 2018ರ ಮಹಾಮಸ್ತಕಾಭಿಷೇಕ ಮುಗಿದಿದೆ. ಹನ್ನೆರಡು ವರ್ಷಗಳ ವಾಡಿಕೆಯಂತೆ ಮುಂದಿನದು 2030ಕ್ಕೆ. ಅಂದು ಲಕ್ಷಾಂತರ ಜನರಿಗಾಗಿ ಹೇಗೂ ಫಲಕಗಳನ್ನು ಬರೆಸಲೇಬೇಕು. ಅವನ್ನು ಈಗಲೇ ಬರೆಸಿ, ಉತ್ಸವ ಮುಗಿದ ಮೇಲೂ ಕಿತ್ತು ಒಯ್ಯದೆ ಉಳಿಸಿದರೆ, ಕಾಲೇಜಿನಿಂದ ಹಳ್ಳಿಗೆ ಮರಳುವ ಆ ಹುಡುಗಿಗೆ ಅದರ ಫಲ ಪ್ರತಿ ಸಂಜೆಯೂ ಸಿಗುತ್ತದೆ.